ಭರಮಸಾಗರದ ಟೈಲರಮ್ಮ ಮತ್ತು ನಮ್ಮ ಮೆದುಳಿನ ಪರೀಕ್ಷೆಗಳು

ನಿವೃತ್ತಿ ಎಂಬ ಮಾತು ನನ್ನ ವಯಸ್ಸಿಗೆ ದೊಡ್ಡದು. ಆದರೂ ನಾನು ಮಾಡುತ್ತಿದ್ದ ಕೆಲಸದಿಂದ ನಾನು ನಿವೃತ್ತಳೇ. ಯೋಜನೆಯ ಮೊದಲ ಹಂತ ಮುಗಿಯಿತು, ನಾನು ಬೇರೆ ದಾರಿ ಹಿಡಿದೆ. ಅದರ ಕಾರಣಗಳು ನನ್ನ ಸ್ವಂತದವು, ಇಲ್ಲಿ ಬೇಕಿಲ್ಲ. ಎರಡನೆಯ ಹಂತಕ್ಕೆ ಸೇರಿಕೊಂಡ ಇಬ್ಬರು ಹುಡುಗಿಯರು ಈಚೆಗೆ ಫೋನ್ ಮಾಡಿ, “ಅಕ್ಕ, ಟ್ರೈನಿಂಗಲ್ಲಿ ಎಲ್ಲಾ ಹೇಳಿಕೊಟ್ರು. ಆದ್ರೆ ಕೆಲಸ ಹೆಂಗಿರ್ತೈತೆ ಅಂತ ಮಾತ್ರ ಯಾರೂ ಹೇಳ್ಲಿಲ್ಲ” ಎಂದರು. ಅವರಿಗಾಗಿ ಇದನ್ನು ಬರೆಯುತ್ತಿದ್ದೇನೆ. ಸಂಬಳ, ಹುದ್ದೆಯ ಹೆಸರು, ಯಾರು ಯಾರ ಮೇಲಿದ್ದರು ಎಂಬುದೆಲ್ಲ ನೇಮಕಾತಿ ಆದೇಶದ ಪ್ರತಿಯಲ್ಲಿ ಸಿಗುತ್ತದೆ. ಸಿಗದಿರುವುದಷ್ಟೇ ಇಲ್ಲಿದೆ.

ಚಿತ್ರದುರ್ಗ, ಹಿರಿಯೂರು, ಹೊಸದುರ್ಗ, ಹೊಳಲ್ಕೆರೆ. ಈ ನಾಲ್ಕು ತಾಲ್ಲೂಕುಗಳಲ್ಲಿ ಮಲ್ಟಿಪಲ್ ಸ್ಕ್ಲೆರೋಸಿಸ್ ಇರುವವರನ್ನು ಹುಡುಕಿ, ಅವರ ಯೋಚನೆಯ ವೇಗ, ನೆನಪು, ಗಮನ ಇವನ್ನು ಅಳೆಯುವುದು ನನ್ನ ಕೆಲಸವಾಗಿತ್ತು. ಮನಶ್ಶಾಸ್ತ್ರದಲ್ಲಿ ಎಂ.ಎಸ್ಸಿ. ಮಾಡಿದ್ದೆ. ಈ ಕಾಯಿಲೆ ಇರುವವರು ನಮ್ಮ ಕಡೆ ಬಹಳ ಮಂದಿ ಇಲ್ಲ, ಇರುವವರೂ ದೂರ ದೂರ. ದೇಹವನ್ನು ಕಾಯಬೇಕಾದ ರಕ್ಷಣಾ ಶಕ್ತಿಯೇ ತಪ್ಪು ತಿಳಿದು, ನರಗಳ ಮೇಲಿನ ಹೊದಿಕೆಯನ್ನು ಅಲ್ಲಲ್ಲಿ ಕೆಡಿಸುತ್ತದೆ. ವೈರಿನ ಮೇಲಿನ ರಬ್ಬರ್ ಕಿತ್ತುಹೋದ ಹಾಗೆ. ಒಬ್ಬರಿಗೆ ಕಣ್ಣು ಮಂಜಾಗುತ್ತದೆ, ಇನ್ನೊಬ್ಬರಿಗೆ ಕಾಲು ಜೋಮು ಹಿಡಿಯುತ್ತದೆ. ಹೊರಗೆ ಕಾಣದ ಇನ್ನೊಂದು ತೊಂದರೆ ಇದೆ: ಯೋಚನೆ ನಿಧಾನವಾಗುತ್ತದೆ. ಮೆದುಳಿನ ಯಾವ ಭಾಗ ಯಾವ ಭಾಗದೊಡನೆ ಎಷ್ಟು ಹೊಂದಿಕೊಂಡು ಕೆಲಸ ಮಾಡುತ್ತಿದೆ ಎಂದು ಸ್ಕ್ಯಾನ್‌ನಲ್ಲಿ ನೋಡಿ, ಅದಕ್ಕೂ ಯೋಚನೆಯ ವೇಗಕ್ಕೂ ಏನು ಸಂಬಂಧ ಎಂದು ತಿಳಿಯುವುದು ಯೋಜನೆಯ ಉದ್ದೇಶ. ಸ್ಕ್ಯಾನ್ ದೂರದ ದೊಡ್ಡ ಆಸ್ಪತ್ರೆಯಲ್ಲಿ. ನನ್ನ ಪಾಲಿಗೆ ಬಂದದ್ದು ಹಾಳೆ, ಪೆನ್ಸಿಲ್ ಮತ್ತು ಬಸ್ ಪ್ರಯಾಣ.

ಇಷ್ಟನ್ನು ನಾನು ಮೇಲೆ ಬರೆದಂತೆ ಹೇಳಿದರೆ ಯಾರಿಗೂ ಅರ್ಥವಾಗುತ್ತಿರಲಿಲ್ಲ. ಅರ್ಥ ಮಾಡಿಸುತ್ತಿದ್ದವರು ನಮ್ಮ ಮೇಲಧಿಕಾರಿ, ನರರೋಗ ತಜ್ಞೆ ಡಾ. ಸುಲೋಚನಾ. ತಿಂಗಳಿಗೊಮ್ಮೆ ಚಿತ್ರದುರ್ಗಕ್ಕೆ ಬರುತ್ತಿದ್ದರು. ಮೊದಲ ದಿನವೇ ಅಲ್ಲಿನ ಆಸ್ಪತ್ರೆಯ ವರಾಂಡದ ಬೆಂಚಿನಲ್ಲಿ ಕಾಯುತ್ತಿದ್ದವರ ಮುಂದೆ ನಿಂತು ಕೇಳಿದರು.

“ದುರ್ಗದಿಂದ ಹೊಸದುರ್ಗಕ್ಕೆ ಹೆಂಗೆ ಹೋಗ್ತೀರಿ?”

“ಹೊಳಲ್ಕೆರೆ ಮ್ಯಾಲೆ,” ಎಂದರು ನಾಲ್ಕಾರು ಜನ.

“ಆ ರಸ್ತೆ ಅಗೆದು ಹಾಕವ್ರೆ ಅಂದ್ಕಳ್ರಿ. ಆಗ?”

“ಹಿರಿಯೂರು ಮ್ಯಾಲೆ ಹೋಗಾಣ.”

“ಹೋಗಿ ಮುಟ್ತೀರೋ ಇಲ್ಲೋ?”

“ಮುಟ್ತೀವಿ. ಹೊತ್ತಾಗ್ತೈತೆ ಅಷ್ಟೇ.”

“ಸುಸ್ತಾಗಲ್ವಾ?”

“ಆಗ್ದೆ ಇರ್ತೈತಾ ಮೇಡಂ, ಸೀಟೇ ಸಿಗಲ್ಲ ಅದ್ರಾಗೆ.”

“ನಿಮ್ಮ ಮೆದುಳೂ ಅಷ್ಟೇ ಮಾಡ್ತಿದೆ. ನೇರ ರಸ್ತೆ ಕೆಟ್ಟೈತೆ, ಸುತ್ತಿ ಹೋಗ್ತಿದೆ. ಮುಟ್ತದೆ, ಆದ್ರೆ ತಡ. ಅದಕ್ಕೇ ನಿಮಗೆ ಸುಸ್ತು.”

ಹಿಂದಿನಿಂದ ಒಬ್ಬರು, “ಅಲ್ಲ ಮೇಡಂ, ಆ ರಸ್ತೆ ಯಾವಾಗ ರಿಪೇರಿ ಆಗ್ತೈತೆ?” ಎಂದರು. ಅವರು ಕೇಳಿದ್ದು ಯಾವ ರಸ್ತೆ ಎಂದು ಯಾರಿಗೂ ಕೂಡಲೇ ತಿಳಿಯಲಿಲ್ಲ. ಡಾಕ್ಟರು ಸ್ವಲ್ಪ ಯೋಚಿಸಿ, “ಎರಡ್ರದ್ದೂ ನಂಗೆ ಗೊತ್ತಿಲ್ಲ” ಎಂದರು.

ಹೊಸದಾಗಿ ಸೇರುವವರು ಈ ರಸ್ತೆಯ ಉದಾಹರಣೆಯನ್ನು ಧಾರಾಳವಾಗಿ ಬಳಸಬಹುದು. ಆದರೆ ಅದೇ ಪೂರ್ತಿ ಸತ್ಯ ಎಂದು ತಿಳಿಯಬೇಡಿ. ಕೆಲವರ ಸ್ಕ್ಯಾನ್‌ನಲ್ಲಿ ಸಂಪರ್ಕ ಕಡಿಮೆಯಾಗುವ ಬದಲು ಹೆಚ್ಚೇ ಕಾಣುತ್ತದೆ. ಅದು ಮೆದುಳು ಹುಡುಕಿಕೊಂಡ ಒಳ್ಳೆಯ ಬಳಸುದಾರಿಯೋ, ಬರಿಯ ಗೊಂದಲದ ಓಡಾಟವೋ ಎಂಬ ಬಗ್ಗೆ ಬಲ್ಲವರಲ್ಲೇ ಒಮ್ಮತವಿಲ್ಲ. ಯಾರಾದರೂ ಕೇಳಿದರೆ ‘ಇನ್ನೂ ಗೊತ್ತಿಲ್ಲ’ ಎನ್ನಿ. ಆ ಉತ್ತರಕ್ಕೆ ಯಾರೂ ನನ್ನನ್ನು ಬೈದದ್ದಿಲ್ಲ.

ಇನ್ನು ಪರೀಕ್ಷೆಗಳ ವಿಷಯ. ಒಂದರಲ್ಲಿ ಹಾಳೆಯ ಮೇಲೆ ಚಿತ್ರವಿಚಿತ್ರ ಚಿಹ್ನೆಗಳಿರುತ್ತವೆ, ಪ್ರತಿ ಚಿಹ್ನೆಗೆ ಒಂದು ಅಂಕಿ. ಕೊಟ್ಟ ಸಮಯದಲ್ಲಿ ಎಷ್ಟು ಚಿಹ್ನೆಗಳಿಗೆ ಸರಿಯಾದ ಅಂಕಿ ಹೇಳುತ್ತಾರೆ ಎಂದು ನೋಡುವುದು. ಇನ್ನೊಂದರಲ್ಲಿ ಪದಗಳ ಪಟ್ಟಿಯನ್ನು ಓದಿ ಹೇಳುತ್ತೇವೆ, ಅವರು ನೆನಪಿನಿಂದ ಒಪ್ಪಿಸಬೇಕು. ತರಬೇತಿಯಲ್ಲಿ ‘ನಿಶ್ಶಬ್ದವಾದ ಕೋಣೆಯಲ್ಲಿ, ಪರೀಕ್ಷಾರ್ಥಿ ಒಬ್ಬರೇ ಇರುವಾಗ’ ಎಂದು ಹೇಳಿಕೊಟ್ಟಿದ್ದರು. ಆಸ್ಪತ್ರೆಗೆ ಬರಲಾಗದವರ ಮನೆಗೆ ನಾನೇ ಹೋಗುತ್ತಿದ್ದೆ. ಹಿರಿಯೂರಿನ ಒಂದು ಮನೆಗೆ ಹೋದಾಗ ಅಂಥ ಕೋಣೆ ಆ ಮನೆಯಲ್ಲಿ ಇರಲಿಲ್ಲ. ಇದ್ದಿದ್ದರೂ ಒಬ್ಬರೇ ಇರುತ್ತಿರಲಿಲ್ಲ. ಕಾಯಿಲೆಯಿದ್ದ ಸೊಸೆಗೆ ಪದಗಳನ್ನು ಓದಿ ಹೇಳಿದೆ. ಆಕೆ ಕಣ್ಣು ಮುಚ್ಚಿ ಒಪ್ಪಿಸತೊಡಗಿದಳು. ಜಗುಲಿಯ ಕಂಬದ ಆಚೆಯಿಂದ ಮಾವನವರ ಧ್ವನಿ: “‘ಕೊಡೆ’ ಬಿಟ್ಯಲ್ಲವ್ವ.”

“ಯಜಮಾನ್ರೇ, ನೀವು ಹೇಳ್ಕೊಡಬಾರದು,” ಎಂದೆ.

“ಯಾಕ್ರಿ? ಪಾಪ, ಗೊತ್ತಿದ್ದೂ ಸುಮ್ನೆ ಕುಂತ್ಕಳಾದಾ?”

ಅಂದಿನ ಪರೀಕ್ಷೆ ವ್ಯರ್ಥವಾಯಿತು. ಮುಂದಿನ ಸಲ ನಾನು ಹೊಸ ಉಪಾಯ ಮಾಡಿದೆ. ಮೊದಲು ಮಾವನವರನ್ನೇ ಕೂರಿಸಿಕೊಂಡು ಬೇರೊಂದು ಪಟ್ಟಿಯಿಂದ ಪರೀಕ್ಷೆ ಮಾಡಿದೆ. ಅವರು ಬಹಳ ಗಂಭೀರವಾಗಿ ಉತ್ತರಿಸಿ, “ಸೊಸೆಗಿಂತ ಜಾಸ್ತಿ ಬಂತಾ?” ಎಂದು ಕೇಳಿದರು.

“ಅದನ್ನ ಹೇಳೋ ಹಾಗಿಲ್ಲ.”

“ಹಂಗಾದ್ರೆ ಕಡಿಮೇನೇ ಬಿಡ್ರಿ,” ಎಂದು ಎದ್ದು ಹೊಲದ ಕಡೆ ಹೋದರು. ಸೊಸೆಯ ಪರೀಕ್ಷೆ ಸುಸೂತ್ರವಾಗಿ ನಡೆಯಿತು. ಆಮೇಲೆ ಎಲ್ಲ ಮನೆಗಳಲ್ಲೂ ಹಿರಿಯರಿಂದಲೇ ಆರಂಭಿಸುವುದು ನನ್ನ ಪದ್ಧತಿಯಾಯಿತು. ಇದು ಯಾವ ಕೈಪಿಡಿಯಲ್ಲೂ ಇಲ್ಲ.

ಸ್ಕ್ಯಾನ್‌ಗೆ ಹೋಗುವವರಿಗೆ ಮೊದಲೇ ತಿಳಿವಳಿಕೆ ಕೊಡುವುದೂ ನನ್ನ ಪಾಲಿಗಿತ್ತು. ‘ಕಣ್ಣು ತೆರೆದುಕೊಂಡು, ಅಲ್ಲಾಡದೆ, ನಿರ್ದಿಷ್ಟವಾಗಿ ಏನನ್ನೂ ಯೋಚಿಸದೆ ಮಲಗಿ’ ಎಂದು ಹೇಳಬೇಕು. ಆರಾಮವಾಗಿರುವ ಮೆದುಳಿನ ಭಾಗಗಳು ತಮ್ಮತಮ್ಮಲ್ಲಿ ಹೇಗೆ ಮಾತಾಡಿಕೊಳ್ಳುತ್ತವೆ ಎಂದು ನೋಡುವ ಸ್ಕ್ಯಾನ್ ಅದು. ಹೊಸದುರ್ಗದ ರತ್ನಮ್ಮ ಎಂಬವರು ಇದನ್ನು ಕೇಳಿ, “ಏನೂ ಯೋಚ್ನೆ ಮಾಡ್ದೆ ಮಲಗೋದು ಹೆಂಗೆ ಅಂತ ನೀವೇ ಒಂದ್ಸಲ ತೋರಿಸ್ರಿ” ಎಂದರು. ಸ್ಕ್ಯಾನ್ ಮುಗಿಸಿ ಬಂದ ಮೇಲೆ ಅಪರಾಧ ಮಾಡಿದವರಂತೆ ಹತ್ತಿರ ಬಂದು, “ಮೇಡಂ, ಅದ್ರೊಳಗೆ ಇದ್ದಾಗ ತಂಗಿ ಮಗಳ ಸೀಮಂತಕ್ಕೆ ಯಾರ್ಯಾರನ್ನ ಕರೀಬೇಕು ಅಂತ ಲೆಕ್ಕ ಹಾಕ್ಬಿಟ್ಟೆ. ಫೋಟೋದಾಗೆ ಬಂದಿರ್ತೈತಾ?” ಎಂದು ಪಿಸುಗುಟ್ಟಿದರು. ಬಂದಿರುವುದಿಲ್ಲ ಎಂದು ಧೈರ್ಯ ಹೇಳಿದೆ.

ಈಗ ಭರಮಸಾಗರದ ಮಂಜುಳಾ ಅವರ ವಿಷಯಕ್ಕೆ ಬರುತ್ತೇನೆ. ನನ್ನ ಕೆಲಸದ ದಿನಗಳಲ್ಲಿ ಯಾವುದಾದರೂ ಒಂದನ್ನು ಮಾತ್ರ ಹೇಳು ಎಂದರೆ ಇದನ್ನೇ ಹೇಳಿಯೇನು.

ಮಂಜುಳಾ ಹೆಂಗಸರ ಬಟ್ಟೆ ಹೊಲಿಯುವ ಟೈಲರ್. ಮನೆಯ ಮುಂಭಾಗದಲ್ಲೇ ಅಂಗಡಿ. ಮದುವೆಗೆ ಮೊದಲೇ ಕಲಿತ ಕೆಲಸ, ಊರಿನಲ್ಲಿ ಒಳ್ಳೆಯ ಹೆಸರು. ಮೊದಲು ಒಂದು ಕಣ್ಣು ಮಂಜಾಗಿ, ಆಮೇಲೆ ಎಡಗಾಲು ಸೋತು, ಕಾಯಿಲೆ ಏನೆಂದು ಗೊತ್ತಾಗಿತ್ತು. ಔಷಧಿಯಿಂದ ಕಣ್ಣು, ಕಾಲು ಎರಡೂ ಬಹುಮಟ್ಟಿಗೆ ಸುಧಾರಿಸಿದ್ದವು. ಆಕೆಯ ಗಂಡ ತಿಪ್ಪೇಸ್ವಾಮಿ ಪಂಪ್‌ಸೆಟ್ ರಿಪೇರಿ ಮಾಡುವವರು. ಅತ್ತೆ ಗೌರಮ್ಮ. ಮೂವರೂ ಜೊತೆಯಾಗಿಯೇ ಬರುತ್ತಿದ್ದರು.

ಅವರು ಬರುವುದಕ್ಕೆ ಕೆಲವು ವಾರ ಮೊದಲು ಒಂದು ಅನಾಹುತ ಆಗಿತ್ತು. ನಮ್ಮ ಕಡೆ ಬ್ಲೌಸ್ ಹೊಲಿಯಲು ಕೊಡುವವರು ಹೊಸ ಬಟ್ಟೆಯ ಜೊತೆಗೆ, ಸರಿಯಾಗಿ ಕೂರುವ ತಮ್ಮ ಹಳೆಯ ಬ್ಲೌಸ್ ಒಂದನ್ನು ಅಳತೆಗೆಂದು ಕೊಟ್ಟು ಹೋಗುತ್ತಾರೆ. ಟೇಪು ಹಿಡಿದು ಅಳೆಸಿಕೊಳ್ಳುವವರು ಕಡಿಮೆ. ಒಂದು ಮದುವೆ ಮನೆಯ ಬಟ್ಟೆಗಳಲ್ಲಿ ಅಳತೆ ಬ್ಲೌಸುಗಳು ಅದಲುಬದಲಾಗಿ, ಮಂಜುಳಾ ಮದುಮಗಳ ಧಾರೆ ಬ್ಲೌಸನ್ನು ಮದುಮಗಳ ಅತ್ತೆಯ ಅಳತೆಗೆ ಹೊಲಿದುಬಿಟ್ಟಿದ್ದರು. ಮದುಮಗಳು ಕಡ್ಡಿ, ಅತ್ತೆ ದಪ್ಪ. ಪಿನ್ನುಗಳ ಸಹಾಯದಿಂದ ಧಾರೆ ಮುಗಿಯಿತು. ಆದರೆ ಸುದ್ದಿ ಭರಮಸಾಗರದ ಕೆರೆ ಏರಿಯಿಂದ ದಾವಣಗೆರೆ ರಸ್ತೆಯವರೆಗೂ ಹಬ್ಬಿತು.

“ಜನ ನಗ್ತಾರೆ ಮೇಡಂ,” ಎಂದರು ತಿಪ್ಪೇಸ್ವಾಮಿ. “ಅವಳ ಮುಂದೆ ನಗಲ್ಲ, ನನ್ನ ಮುಂದೆ ಬಂದು ನಗ್ತಾರೆ. ‘ಏನಪ್ಪ ತಿಪ್ಪೇಸಿ, ನಿನ್ ಪಂಪಿಗೂ ಪಕ್ಕದ ಪಂಪಿನ ಮೋಟ್ರು ಕೂರಿಸ್ತೀಯೇನು’ ಅಂತಾರೆ. ಮೊಬೈಲ್ ಅಂಗಡಿಯವನೊಬ್ಬ ಆ ಜಾಗ ಬಾಡಿಗೆಗೆ ಕೇಳ್ತವ್ನೆ. ನಿಮ್ಮ ರಿಪೋರ್ಟ್ ಬರ್ಲಿ. ಮೆದುಳಿಂದೇ ತೊಂದ್ರೆ ಅಂತ ಬಂದ್ರೆ ಬಸವ ಜಯಂತಿಗೆ ಅವನಿಗೆ ಬಿಟ್ಟುಕೊಡ್ತೀನಿ. ಇವಳು ಮನ್ಯಾಗೆ ಆರಾಮಾಗಿರ್ಲಿ.”

ಅವರು ಕೆಟ್ಟವರಲ್ಲ. ಹೆಂಡತಿ ದಣಿಯುವುದನ್ನು ನೋಡಲಾರದೆ ಹೇಳುತ್ತಿದ್ದ ಮಾತು. ಪರೀಕ್ಷೆಗೆ ಒಳಗೆ ಬಂದು ಬಾಗಿಲು ಹಾಕಿಕೊಂಡ ಮೇಲೆ ಮಂಜುಳಾ, “ಆ ಅಂಗಡ್ಯಾಗೆ ಕುಂತಾಗ ನಾನು ಟೈಲರ್. ಒಳಗೆ ಕುಂತ್ರೆ ದಿನವಿಡೀ ರೋಗಿಷ್ಟಳು. ನೋಡ್ಕಂಡು ಬರೀರಿ” ಎಂದರು.

ಆಸ್ಪತ್ರೆಯಲ್ಲಿ ನಮಗೆ ಕೊಟ್ಟಿದ್ದ ಕೋಣೆಗೆ ತಗಡಿನ ಮಾಡು. ಬೇಸಿಗೆ. ಬೆಳಿಗ್ಗೆ ಡಾಕ್ಟರ ತಪಾಸಣೆ ಮುಗಿದು ನನ್ನ ಹತ್ತಿರ ಬರುವಾಗ ಮಧ್ಯಾಹ್ನವಾಗಿತ್ತು. ಮಂಜುಳಾ ಚಿಹ್ನೆಗಳ ಪರೀಕ್ಷೆಯನ್ನು ಚೆನ್ನಾಗಿ ಆರಂಭಿಸಿ ನಡುವೆ ತಡವರಿಸಿದರು. “ಇರ್ರಿ, ಬರ್ತೈತೆ” ಎಂದು ಹಣೆ ಒತ್ತಿಕೊಂಡರು. ಪದಗಳ ಪಟ್ಟಿಯಲ್ಲಿ ಅರ್ಧಕ್ಕೆ ನಿಂತರು. ಕೇಳಿದ ಅಂಕಿಗಳನ್ನು ಕೂಡುತ್ತಾ ಹೋಗಬೇಕಾದ ಪರೀಕ್ಷೆಯನ್ನಂತೂ ಕೈಬಿಟ್ಟರು. ಫಲಿತಾಂಶ ಕೆಟ್ಟದಾಗಿತ್ತು. ನಮಗೆ ಮುಖಭಾವ ತೋರಿಸಬಾರದೆಂದು ತರಬೇತಿಯಿದೆ. ನನಗೆ ಅದು ಸ್ವಭಾವದಿಂದಲೇ ಸುಲಭ. ಆದರೂ ಆಕೆ ನನ್ನನ್ನು ನೋಡಿ, “ಗೊತ್ತಾತು ಬಿಡ್ರಿ” ಎಂದರು.

ಇದೇ ಹೊತ್ತಿಗೆ ಯೋಜನೆಯ ಕೇಂದ್ರ ಕಚೇರಿಯಿಂದ ಸುಲೋಚನಾ ಅವರಿಗೆ ಒಂದು ಮೇಲ್ ಬಂದಿತ್ತು. ನಮ್ಮ ಜಿಲ್ಲೆಯವರ ಅಂಕಗಳು ಬೇರೆ ಕೇಂದ್ರಗಳವರಿಗಿಂತ ಕಡಿಮೆ ಇವೆ, ಸ್ಕ್ಯಾನ್‌ನಲ್ಲಿ ಮಾತ್ರ ಅಷ್ಟು ವ್ಯತ್ಯಾಸ ಕಾಣುತ್ತಿಲ್ಲ. ಕಾರಣ ಶಿಕ್ಷಣವೇ, ಬಿಸಿಲೇ, ಭಾಷೆಯೇ ಎಂದು ವಿಚಾರಿಸಿದ್ದರು. ಬಿಸಿಲಿಗೆ ಈ ಕಾಯಿಲೆಯವರ ತೊಂದರೆ ತಾತ್ಕಾಲಿಕವಾಗಿ ಹೆಚ್ಚುತ್ತದೆ ಎಂಬುದು ನಿಜ. ಹಾಗಾಗಿ ತಗಡಿನ ಮಾಡಿನ ಮೇಲೆ ನಮಗೆಲ್ಲ ಅನುಮಾನವಿತ್ತು. ಸುಲೋಚನಾ ಮೇಲನ್ನು ಓದಿ, “ದುರ್ಗದವರು ಬುದ್ಧಿವಂತರಲ್ಲ ಅಂತ ಬರೆಯೋಕೆ ಎಷ್ಟು ಮರ್ಯಾದಸ್ಥ ಪದ ಹುಡುಕಿದ್ದಾರೆ ನೋಡು” ಎಂದು ಫೋನನ್ನು ನನ್ನ ಕಡೆ ತಿರುಗಿಸಿದರು.

ಫಲಿತಾಂಶ ಹೇಳುವ ದಿನ ಮೂವರೂ ಬಂದರು. ಡಾಕ್ಟರು ಇನ್ನೂ ಮಾತು ಆರಂಭಿಸಿರಲಿಲ್ಲ. ಗೌರಮ್ಮ ಚೀಲದಿಂದ ಟಿಫನ್ ಬಾಕ್ಸ್ ತೆಗೆದು, ನನ್ನನ್ನು ಕೇಳಿದರು.

“ತಾಯಿ, ಇವತ್ತು ಟೆಸ್ಟ್ ಇಲ್ಲ ತಾನೆ?”

“ಇಲ್ಲ.”

“ಹಂಗಾದ್ರೆ ತಿನ್ನವ್ವ ಮಂಜಿ,” ಎಂದು ಸೊಸೆಯ ಕೈಗೆ ಬಾಕ್ಸ್ ಕೊಟ್ಟರು.

ನನಗೆ ಏನೋ ಹೊಳೆದಂತಾಯಿತು. “ಟೆಸ್ಟ್ ಇದ್ದಿದ್ರೆ?” ಎಂದು ಕೇಳಿದೆ.

“ಟೆಸ್ಟ್ ಇದ್ರೆ ತಿನ್ನಬಾರ್ದಲ್ಲ. ಖಾಲಿ ಹೊಟ್ಟ್ಯಾಗೆ ಬರ್ಬೇಕು. ನಂಗೆ ಸಕ್ಕರೆ ಕಾಯಿಲೆ ಐತೆ, ನಂಗೊತ್ತಿಲ್ವಾ.”

“ಹೋದ ಸಲ ಮಂಜುಳಾ ಅವ್ರು ತಿಂಡಿ ತಿಂದಿರ್ಲಿಲ್ವಾ?”

“ಹಿಂದಿನ ರಾತ್ರಿ ಉಂಡಿದ್ದೇ ಕಡೆ. ಕಾಫೀನೂ ಕೊಟ್ಟಿರ್ಲಿಲ್ಲ. ನಿಮ್ಮ ಟೆಸ್ಟ್ ಕೆಡಬಾರ್ದು ಅಂತ ಬಾಳ ಕಟ್ಟುನಿಟ್ಟಾಗಿ ಕರ್ಕಂಡು ಬಂದಿದ್ದೆ.”

ಸುಲೋಚನಾ ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. ಎದ್ದು ವರಾಂಡಕ್ಕೆ ಹೋದರು. ನಾನು ಹಿಂದೆಯೇ ಹೋದೆ. ಬೆಂಚಿನ ಮೇಲೆ ಆ ದಿನ ಪರೀಕ್ಷೆಗೆಂದು ಬಂದವರು ಕುಳಿತಿದ್ದರು. “ಇವತ್ತು ಮೆದುಳಿನ ಟೆಸ್ಟಿಗೆ ಬಂದಿರೋರಲ್ಲಿ ತಿಂಡಿ ತಿಂದು ಬಂದವರು ಕೈ ಎತ್ತಿ,” ಎಂದರು ಡಾಕ್ಟರು.

ಯಾರೂ ಎತ್ತಲಿಲ್ಲ. ಹೊಳಲ್ಕೆರೆಯಿಂದ ಬಂದಿದ್ದ ಹೆಂಗಸೊಬ್ಬರು, ಬೈಗುಳ ಬರುತ್ತದೆಂದು ಹೆದರಿ, “ನಾನು ಒಂದು ಲೋಟ ನೀರು ಕುಡಿದೀನಿ ಮೇಡಂ, ಅಷ್ಟೇ” ಎಂದು ಒಪ್ಪಿಕೊಂಡರು.

ಮೊದಲ ಬಸ್ಸಿಗೆ ಎದ್ದು, ಕಾಫಿಯೂ ಇಲ್ಲದೆ, ಡಾಕ್ಟರಿಗೆ ಕಾದು, ಮಧ್ಯಾಹ್ನದ ಹೊತ್ತಿಗೆ ತಗಡಿನ ಕೆಳಗೆ ಕುಳಿತು ಇವರು ನಮ್ಮ ಚಿಹ್ನೆಗಳಿಗೆ ಅಂಕಿ ಹೇಳುತ್ತಿದ್ದರು. ನಾವು ಫೋನಿನಲ್ಲಿ ‘ನಾಳೆ ಆಸ್ಪತ್ರೆಯಲ್ಲಿ ನಿಮಗೆ ಟೆಸ್ಟ್ ಇದೆ’ ಎಂದು ಮಾತ್ರ ಹೇಳುತ್ತಿದ್ದೆವು. ಆ ಮಾತನ್ನು ಬರೆದುಕೊಟ್ಟವರು ಕೇಂದ್ರ ಕಚೇರಿಯವರು, ಒಪ್ಪಿದವರು ಸುಲೋಚನಾ, ಓದಿ ಹೇಳಿದವಳು ನಾನು. ಆಸ್ಪತ್ರೆಯ ಟೆಸ್ಟ್ ಎಂದರೆ ನಮ್ಮ ಜನರಿಗೆ ರಕ್ತದ್ದು, ರಕ್ತ ಎಂದರೆ ಉಪವಾಸ. ಇದು ನಮ್ಮಲ್ಲಿ ಯಾರಿಗೂ ಹೊಳೆದಿರಲಿಲ್ಲ. ಸುಲೋಚನಾ ಗೋಡೆಗೆ ಒರಗಿ ನಗತೊಡಗಿದರು. ಕ್ಯಾಂಟೀನಿನಿಂದ ಎಲ್ಲರಿಗೂ ಇಡ್ಲಿ ಬಂತು. ಗೌರಮ್ಮ ಮಾತ್ರ ನಗಲಿಲ್ಲ. “ಮೊದ್ಲೇ ಹೇಳ್ಬಾರ್ದಾ? ಆ ಹುಡುಗಿ ಬಸ್ಸಿನಾಗೆ ಕಣ್ಣು ಕತ್ಲೆ ಬಂದು ನನ್ನ ಹೆಗಲ ಮ್ಯಾಲೆ ಬಿದ್ದಿದ್ಲು,” ಎಂದು ನನ್ನನ್ನು ಸರಿಯಾಗಿ ಗದರಿಸಿದರು. ಗದರಿಕೆ ನ್ಯಾಯವಾಗಿತ್ತು.

ಮಂಜುಳಾ ಅವರ ಫಲಿತಾಂಶವನ್ನು ಅಂದು ಹೇಳಲಿಲ್ಲ. ಬೇರೆ ಚಿಹ್ನೆಗಳ ಹಾಳೆಯಲ್ಲಿ, ಬೆಳಗಿನ ತಂಪಿನಲ್ಲಿ, ತಿಂಡಿ ತಿಂದು ಬಂದು ಮತ್ತೊಮ್ಮೆ ಮಾಡಬೇಕೆಂದು ಡಾಕ್ಟರು ತೀರ್ಮಾನಿಸಿದರು. ಹಳೆಯ ಹಾಳೆಯನ್ನೇ ಕೊಟ್ಟರೆ ಅಭ್ಯಾಸದಿಂದ ಅಂಕ ಏರುತ್ತದೆ, ಅದು ಲೆಕ್ಕಕ್ಕಿಲ್ಲ. ತಿಪ್ಪೇಸ್ವಾಮಿ, “ಬಸವ ಜಯಂತಿ ಒಳಗೆ ಆಗ್ಲಿ ಮೇಡಂ. ಮೊಬೈಲಿನವನಿಗೆ ಮಾತು ಕೊಟ್ಟೀನಿ” ಎಂದರು.

ಫೋನಿನಲ್ಲಿ ಹೇಳುವ ಮಾತನ್ನು ಬದಲಿಸಿದೆವು: ‘ಹೊಟ್ಟೆ ತುಂಬಾ ತಿಂದು ಬನ್ನಿ.’ ಇದರ ಪರಿಣಾಮವನ್ನು ಹೊಸಬರು ತಿಳಿದಿರಬೇಕು. ಮದಕರಿಪುರದ ಒಬ್ಬರು ಬೆಳಿಗ್ಗೆಯೇ ಮುದ್ದೆ ಊಟ ಮುಗಿಸಿ, ಡಾಕ್ಟರೇ ಹೇಳಿದ್ದಾರೆಂದು ಮನೆಯವರು ಬಡಿಸಿದ ಎರಡನೆಯ ಮುದ್ದೆಯನ್ನೂ ಉಂಡು ಬಂದು, ಪದಗಳ ಪಟ್ಟಿ ಓದುತ್ತಿರುವಾಗಲೇ ನನ್ನೆದುರು ನಿದ್ದೆ ಹೋದರು. ಆಮೇಲೆ ಮಾತನ್ನು ಮತ್ತೆ ತಿದ್ದಿ, ‘ದಿನಾ ತಿನ್ನೋ ಹಾಗೆ ತಿಂದು ಬನ್ನಿ’ ಎಂದು ಮಾಡಿದೆವು. ಈಗ ನಿಮ್ಮ ಕೈಯಲ್ಲಿರುವುದು ಈ ಮೂರನೆಯ ಆವೃತ್ತಿ.

ಮರುಪರೀಕ್ಷೆಗೆ ಮುಂಚೆ ನಾನು ಭರಮಸಾಗರಕ್ಕೆ ಹೋದೆ. ದಿನದ ಕೆಲಸವನ್ನು ಹೇಗೆ ಮಾಡುತ್ತಾರೆ ಎಂದು ಮನೆಗೇ ಹೋಗಿ ನೋಡುವುದು ನಮ್ಮ ಕೆಲಸದ ಭಾಗ. ಅಂಗಡಿಯಲ್ಲಿ ಒಂದು ಮೂಲೆಯ ಸ್ಟೂಲಿನ ಮೇಲೆ ಕುಳಿತೆ. ಮಂಜುಳಾ ಕತ್ತರಿ ಹಿಡಿದು ಬಟ್ಟೆ ಕತ್ತರಿಸತೊಡಗಿದರು. ಸೀಮೆಸುಣ್ಣದ ಗೆರೆ ಎಲ್ಲಿಯೂ ನಡುಗಲಿಲ್ಲ. ಒಬ್ಬಾಕೆ ಬಂದರು. ಅವರೊಡನೆ ಮಾತಾಡಿ, ಬಟ್ಟೆ ತೆಗೆದುಕೊಂಡು, ಮತ್ತೆ ಕತ್ತರಿಸಿದರು. ತಪ್ಪಿಲ್ಲ. ಆಮೇಲೆ ಒಟ್ಟಿಗೆ ಮೂವರು ಬಂದರು.

“ಮಂಜುಳಾ, ನಂದು ಕೈ ಉದ್ದ ಇಡು.”

“ಲೇ ಮಂಜಿ, ನನ್ನ ಹಸಿರುದ್ದು ಆತೇನೆ? ನಾಡಿದ್ದು ಗೃಹಪ್ರವೇಶ ಐತೆ.”

“ಕೇಳ್ದ್ಯಾ, ಆ ಮದುಮಗಳು ತವರಿಗೆ ಬಂದವ್ಳಂತೆ, ಅತ್ತೆ ಬ್ಲೌಸ್ ಹಾಕ್ಕಂಡೇ.”

ಎಲ್ಲರೂ ನಕ್ಕರು. ಮಂಜುಳಾ ಕೂಡ ನಕ್ಕರು. ಆದರೆ ನನ್ನ ಕಣ್ಣು ಅವರ ಕೈಯ ಮೇಲಿತ್ತು. ಮೂವರ ಬಟ್ಟೆಗಳೂ ಅಳತೆ ಬ್ಲೌಸುಗಳೂ ಒಂದೇ ಮೇಜಿನ ಮೇಲೆ ರಾಶಿಯಾಗಿದ್ದವು, ಎಲ್ಲರಿಗೂ ಒಟ್ಟಿಗೆ ಉತ್ತರಿಸುತ್ತಾ ಆಕೆ ಒಂದರ ಮೇಲೆ ಇನ್ನೊಂದನ್ನು ಮಡಿಸಿಡುತ್ತಿದ್ದರು. ಹಸಿರು ಬಟ್ಟೆಯ ಒಳಗೆ ಬೇರೆಯವರ ಅಳತೆ ಬ್ಲೌಸ್ ಹೋಯಿತು. ಹೆಂಗಸರು ಹೊರಟುಹೋದ ಮೇಲೆ ಆಕೆಯೇ ಅದನ್ನು ಬಿಚ್ಚಿ ನೋಡಿ, ಸರಿಪಡಿಸಿ, ನನ್ನ ಕಡೆ ತಿರುಗಿದರು. “ಬರಕಂಡ್ರಾ?”

“ಬರ್ಕೊಂಡೆ,” ಎಂದೆ.

“ಒಬ್ರೇ ಬಂದ್ರೆ ಎಲ್ಲಾ ನೆಟ್ಟಗಿರ್ತೈತೆ. ಮೂರು ಮಂದಿ ಬಾಯಿ ಒಟ್ಟಿಗೆ ತೆಗೆದ್ರೆ ತಲ್ಯಾಗೆ ಸಂತೆ ಆಗ್ತೈತೆ. ಮುಂಚೆ ಹಿಂಗಿರ್ಲಿಲ್ಲ. ಮುಂಚೆ ಹತ್ತು ಜನ ಮಾತಾಡಿದ್ರೂ ಹನ್ನೊಂದನೇ ಬಾಯಿ ನಂದೇ ಇರ್ತಿತ್ತು.”

ಮರುಪರೀಕ್ಷೆ ಬೆಳಿಗ್ಗೆ ನಡೆಯಿತು. ಗೌರಮ್ಮ ಬಾಗಿಲಲ್ಲೇ ಘೋಷಿಸಿದರು: “ಎರಡು ರೊಟ್ಟಿ, ಪಲ್ಯ, ಅರ್ಧ ಲೋಟ ಕಾಫಿ. ನಾನೇ ನಿಂತು ತಿನ್ನಿಸೀನಿ.” ಪದಗಳ ಪಟ್ಟಿಯಲ್ಲಿ ಮಂಜುಳಾ ಅವರ ನೆನಪು ಆ ವಯಸ್ಸಿನ ಯಾರಿಗಿಂತಲೂ ಕಡಿಮೆಯಿರಲಿಲ್ಲ. ಚಿಹ್ನೆಗಳ ಪರೀಕ್ಷೆ ಮೊದಲಿಗಿಂತ ಬಹಳ ಸುಧಾರಿಸಿತ್ತು, ಆದರೆ ನಿಧಾನ ಇದ್ದೇ ಇತ್ತು. ಅಂಕಿಗಳನ್ನು ಕೇಳುತ್ತಾ ಕೂಡುತ್ತಾ ಹೋಗುವ ಪರೀಕ್ಷೆ, ಎಂದರೆ ಒಂದನ್ನು ಹಿಡಿದುಕೊಂಡು ಇನ್ನೊಂದನ್ನು ಮಾಡುವುದು, ಈಗಲೂ ಕಷ್ಟವಾಯಿತು. ಪೂರ್ತಿ ಒಳ್ಳೆಯ ಸುದ್ದಿಯಾಗಿದ್ದರೆ ಬರೆಯುವುದಕ್ಕೆ ಚೆನ್ನಾಗಿರುತ್ತಿತ್ತು. ಹಾಗಿರಲಿಲ್ಲ. ಉಪವಾಸ ಕೆಡಿಸಿದ್ದು ಒಂದು ಪಾಲನ್ನು, ಉಳಿದದ್ದು ಕಾಯಿಲೆಯದ್ದು.

ಸುಲೋಚನಾ ಮೂವರನ್ನೂ ಕೂರಿಸಿಕೊಂಡು ಇದನ್ನೆಲ್ಲ ನೇರವಾಗಿ ಹೇಳಿದರು. ನೆನಪಿಗೆ ತೊಂದರೆಯಿಲ್ಲ. ಕೈ ಕೆಲಸಕ್ಕೆ ತೊಂದರೆಯಿಲ್ಲ. ಎರಡು ಮೂರು ವಿಷಯ ಒಟ್ಟಿಗೆ ಬಂದರೆ ದಾರಿ ಕಟ್ಟಿಕೊಳ್ಳುತ್ತದೆ.

ತಿಪ್ಪೇಸ್ವಾಮಿ ಗಮನವಿಟ್ಟು ಕೇಳಿದರು. “ಅದೆಲ್ಲಾ ಸರಿ ಮೇಡಂ. ಅಂಗಡಿ ಮುಚ್ಚೋದಾ, ಬಿಡೋದಾ? ಅದನ್ನ ಹೇಳ್ರಿ.”

“ಅದು ನನ್ನ ಪರೀಕ್ಷೆ ಹೇಳಲ್ಲ,” ಎಂದರು ಡಾಕ್ಟರು.

“ನೀವೂ ಹೇಳಲ್ಲ, ಪರೀಕ್ಷೇನೂ ಹೇಳಲ್ಲ ಅಂದ್ರೆ ನಾನು ಮೊಬೈಲಿನವನಿಗೆ ಏನು ಹೇಳ್ಲಿ?”

ನನ್ನ ಸ್ವಭಾವಕ್ಕೆ ವಿರುದ್ಧವಾಗಿ ನಾನು ನಡುವೆ ಮಾತಾಡಿದ್ದು ಆಗ. ಅಂಗಡಿಯಲ್ಲಿ ಕಂಡದ್ದನ್ನು ಹೇಳಿದೆ: ಒಬ್ಬರೇ ಬಂದಾಗ ತಪ್ಪಾಗಲಿಲ್ಲ, ಮೂವರು ಬಂದಾಗ ಆಯಿತು, ಆಮೇಲೆ ಅದನ್ನು ಕಂಡುಹಿಡಿದವರೂ ಮಂಜುಳಾ ಅವರೇ. ಅಷ್ಟೇ ಹೇಳಿದೆ. ಅಂಗಡಿ ಇಟ್ಟುಕೊಳ್ಳಿ ಎಂದು ಹೇಳುವ ಅಧಿಕಾರ ನನಗಿರಲಿಲ್ಲ.

ಮಂಜುಳಾ ಗಂಡನ ಕಡೆ ತಿರುಗಿದರು.

“ಮುಚ್ಚೋ ದಿನ ಬಂದ್ರೆ ನಾನೇ ಮುಚ್ತೀನಿ. ನನಗೇ ಗೊತ್ತಾಗ್ತೈತೆ. ನೀವು ಮುಚ್ಚಬ್ಯಾಡ್ರಿ.”

“ಜನ ನಗೋದು?”

“ನಗ್ಲಿ. ಆದ್ರೆ ಒಬ್ಬೊಬ್ರೇ ಬಂದು ನಗ್ಲಿ.”

ಗೌರಮ್ಮ ಮೊದಲು ನಕ್ಕರು. ತಿಪ್ಪೇಸ್ವಾಮಿ ನಗಲಿಲ್ಲ, ಆದರೆ ಎದ್ದು ಹೊರಗೆ ಹೋಗಿ ಫೋನ್ ಮಾಡಿದರು. “ಇಲ್ಲಪ್ಪ, ಅದು ಖಾಲಿ ಆಗಲ್ಲ. ಬಸ್ ಸ್ಟ್ಯಾಂಡ್ ಹತ್ರ ಎಲ್ಲಾದ್ರೂ ನೋಡ್ಕ,” ಎನ್ನುತ್ತಿದ್ದುದು ಒಳಗೆ ಕೇಳಿಸಿತು.

ಆ ವಾರವೇ ತಿಪ್ಪೇಸ್ವಾಮಿ ಅಂಗಡಿಯ ಹೊರಗೆ ಒಂದು ಬೆಂಚು ಹಾಕಿಸಿ, ಮೇಲೆ ನೆರಳಿಗೆ ಶೀಟು ಕಟ್ಟಿಸಿದರು. ಒಳಗೆ ಒಂದು ಸಲಕ್ಕೆ ಒಬ್ಬರೇ ಎಂಬ ನಿಯಮವಾಯಿತು. ಬಂದವರ ಹೊಸ ಬಟ್ಟೆಯನ್ನೂ ಅಳತೆ ಬ್ಲೌಸನ್ನೂ ಅವರ ಎದುರೇ ಒಂದೇ ದಾರದಲ್ಲಿ ಗಂಟು ಹಾಕಿ ಇಡುವುದು, ಬೆಳಗಿನ ತಂಪಿನಲ್ಲಿ ಅಂಗಡಿಯ ಬಾಗಿಲು ಅರ್ಧ ಮುಚ್ಚಿ ಕತ್ತರಿಸುವ ಕೆಲಸ ಮುಗಿಸುವುದು, ಸಂಜೆ ಗಿರಾಕಿಗಳನ್ನು ನೋಡುವುದು. ಇವೆಲ್ಲ ಮಂಜುಳಾ ಮಾಡಿಕೊಂಡ ಏರ್ಪಾಡುಗಳು, ನಮ್ಮ ಸಲಹೆಗಳಲ್ಲ. ಬೆಂಚಿನ ಉಸ್ತುವಾರಿ ಗೌರಮ್ಮನವರದು. “ಇದೇನೇ ಮಂಜಿ, ಡಾಕ್ಟ್ರು ಆದ್ಯೇನು, ಒಬ್ಬೊಬ್ರನ್ನೇ ಒಳಗೆ ಕರಿತೀಯ” ಎಂದು ಹೆಂಗಸರು ರೇಗಿಸಿದರಂತೆ. ಗೌರಮ್ಮ, “ಹೂಂ, ಫೀಜು ಇಲ್ಲೇ ಇಟ್ಟು ಕುಂತ್ಕಳ್ರಿ” ಎಂದರಂತೆ.

ಉಪವಾಸವಿದ್ದು ಬಂದವರೆಲ್ಲರ ಪರೀಕ್ಷೆಗಳನ್ನು ನಾವು ಮತ್ತೆ ಮಾಡಬೇಕಾಯಿತು. ದಣಿವಿನ ಕೆಲಸ, ಆದರೆ ಯಾರೂ ಬೇಸರಿಸಲಿಲ್ಲ. ತಿಂದು ಬರಬಹುದು ಎಂಬುದೇ ಅವರಿಗೆ ಸಮಾಧಾನವಾಗಿತ್ತು. ಜಿಲ್ಲೆಯ ಅಂಕಗಳು ಏರಿದವು. ಕೇಂದ್ರ ಕಚೇರಿಯವರು ಬೇರೆ ಕೇಂದ್ರಗಳಲ್ಲೂ ಈ ಬಗ್ಗೆ ವಿಚಾರಿಸಿದರಂತೆ. ಏನು ಉತ್ತರ ಸಿಕ್ಕಿತೋ ನಮಗೆ ತಿಳಿಸಲಿಲ್ಲ.

ಕೆಲಸ ಬಿಡುವ ಮುನ್ನ ನಾನೂ ಒಂದು ಬ್ಲೌಸ್ ಹೊಲಿಸಲು ಭರಮಸಾಗರಕ್ಕೆ ಹೋದೆ. ಪರಿಚಯದ ಸಲುಗೆಯಿಂದ ನೇರ ಒಳಗೆ ಹೋಗಲು ಹೊರಟವಳನ್ನು ಗೌರಮ್ಮ, “ತಾಯಿ, ಮುಂದೆ ಇಬ್ರು ಅವ್ರೆ” ಎಂದು ಬೆಂಚಿನ ತುದಿಗೆ ಕೂರಿಸಿದರು. ನನ್ನ ಸರದಿ ಬಂದಾಗ ಮಂಜುಳಾ ನನ್ನ ಬಟ್ಟೆಗೂ ಅಳತೆ ಬ್ಲೌಸಿಗೂ ದಾರ ಕಟ್ಟಿ, “ಮುಂದಿನ ಸೋಮವಾರ ಬರ್ರಿ” ಎಂದರು.

ಸೋಮವಾರ ಹೋದಾಗ ಆಗಿರಲಿಲ್ಲ. ಗುರುವಾರ ಎಂದರು. ಗುರುವಾರ ಗುಂಡಿ ಬಾಕಿಯಿತ್ತು. ಅದರ ಮುಂದಿನ ವಾರ ಕೈಗೆ ಬಂತು. ಎಲ್ಲಿಯೂ ಒಂದು ನೂಲಿನಷ್ಟೂ ಹೆಚ್ಚುಕಡಿಮೆ ಇರಲಿಲ್ಲ. ಬಸ್ಸಿನಲ್ಲಿ ಬರುವಾಗ ನನ್ನ ಅಭ್ಯಾಸ ಬಿಡದೆ ಯೋಚಿಸಿದೆ. ಈ ತಡ ಕಾಯಿಲೆಯದ್ದೋ, ಕಸುಬಿನದ್ದೋ? ಹೇಳಿದ ದಿನಕ್ಕೆ ಬ್ಲೌಸ್ ಕೊಟ್ಟ ಟೈಲರನ್ನು ನಾನು ನಾಲ್ಕು ತಾಲ್ಲೂಕಿನಲ್ಲೂ ಕಂಡಿಲ್ಲ. ಎರಡನ್ನೂ ಬೇರ್ಪಡಿಸಿ ತೋರಿಸುವ ಪರೀಕ್ಷೆ ನಮ್ಮಲ್ಲಿ ಇನ್ನೂ ಬಂದಿಲ್ಲ, ಮತ್ತು ಮಂಜುಳಾ ಅವರ ಮಟ್ಟಿಗೆ ಅದು ಬರದಿದ್ದರೂ ನಡೆಯುತ್ತದೆ.